ಮೂರು ಕೂಗಿಗೆ ಬರುತ್ತಿದ್ದ ಅಜ್ಜ

ಅಜ್ಜನ ಬಲ ಅಂಗೈ ನಡುವೆ ಹುಣಸೆಬೀಜದಂಥ ಒಂದು ಜಡ್ಡು ಇತ್ತು. ದೋಣಿ ನೂಕುವ ಬಿದಿರಿನ ಗಳು ಒತ್ತಿ ಒತ್ತಿ ಆದದ್ದು. ಎಡಗೈಯಲ್ಲಿತ್ತೋ ಏನೋ. ಇಲ್ಲಿ ಬರೆಯುವುದರಲ್ಲಿ ಒಂದಿಷ್ಟು ನಾನು ಆಮೇಲೆ ಸೇರಿಸಿಕೊಂಡದ್ದೂ ಇರಬಹುದು. ಅವರನ್ನು ಕೊನೆಯ ಸಲ ಕಂಡ ದಿನದ ಡೈರಿಯಲ್ಲಿ ಊಟಕ್ಕೆ ಚಿತ್ರಾನ್ನ ಒಯ್ದದ್ದು ಮಾತ್ರ ಇದೆ.

ಪೆರಾಬೆಯ ಕಡೆ ಕುಮಾರಧಾರೆಯನ್ನು ನಾವು ದೋಣಿಯಲ್ಲೇ ದಾಟುತ್ತಿದ್ದ ಕಾಲ. ದೋಣಿ ದಾಟಿಸುವ ಜಾಗಕ್ಕೆ ನಮ್ಮಲ್ಲಿ ಕಡವು ಎನ್ನುತ್ತಾರೆ; ದೋಣಿ ನಡೆಸುತ್ತಿದ್ದ ಅವರು ಎಲ್ಲರಿಗೂ ಕಡವಿನಜ್ಜ. ನನ್ನನ್ನು ಮೂರು ವರ್ಷ ಹೈಸ್ಕೂಲಿಗೆ ದಾಟಿಸಿದವರು. ನೀರಿಗೆ ಹೆದರಿ ಕಣ್ಣು ಮುಚ್ಚಿದರೆ, "ಕಣ್ಣು ಬಿಡು ಮಗಾ, ಹೊಳೆಗೆ ಬೇಜಾರಾಗ್ತದೆ" ಎನ್ನುವರು. ಆಚೆ ದಡದವರು ಮೂರು ಸಲ 'ಕೂ' ಹಾಕಿದರೆ ಊಟದ ನಡುವಿನಿಂದಲೂ ಏಳುತ್ತಿದ್ದರು. ಒಂದೇ ಕೂಗಿಗೆ ಏಳುತ್ತಿರಲಿಲ್ಲ.

ಎಪ್ಪತ್ತರ ದಶಕದ ಕೊನೆಯ ಒಂದು ಮೇ ತಿಂಗಳಲ್ಲಿ, ನನ್ನೊಡನೆ ಎಂ.ಎ. ಓದುತ್ತಿದ್ದ ಇಬ್ಬರು ಗೆಳತಿಯರು ಮೈಸೂರಿನಿಂದ ಬಂದಿದ್ದರು. ಆಚೆ ದಡದ ಕಾಡಂಚಿನಲ್ಲಿ ಬ್ರಿಟಿಷರ ಕಾಲದ ನಾಲ್ಕು ಹಳೆಯ ಬಂಗ್ಲೆಗಳಿದ್ದವು. ಅವನ್ನು ತೋರಿಸಲು ಹೊರಟೆ. ಜೊತೆಗೆ ಚಿಕ್ಕಮ್ಮ, ನನಗಿಂತ ನಾಲ್ಕೇ ವರ್ಷ ದೊಡ್ಡವಳು.

"ಬರುವಾಗ ಮೂರು ಕೂ ಹಾಕಿ. ಒಂದೇ ಕೂ ಆದ್ರೆ ಸತ್ತವರೂ ಹಾಕ್ತಾರೆ," ಎಂದರು ಅಜ್ಜ.

"ಸತ್ತೋರನ್ನೂ ದಾಟಿಸ್ತೀರಾ ಅಜ್ಜ?" ಗೆಳತಿ ಕಿಸಕ್ಕೆಂದಳು.

"ಅವ್ರಿಗೆ ದೋಣಿ ಬೇಡ ಮಾರಾಯ್ತಿ. ನಿಮ್ಗೆ ಬೇಕು. ನಡುವಲ್ಲಿ ಕೂತ್ಕೊಳ್ಳಿ."

ಮಧ್ಯಾಹ್ನ ಬಂಗ್ಲೆಯ ಜಗಲಿಯಲ್ಲಿ ಉಂಡ ಮೇಲೆ, ಪ್ರತಿಧ್ವನಿ ಕೇಳೋಣವೆಂದು ಒಬ್ಬಳು ಕೂ ಹಾಕಿದಳು. ಇನ್ನೊಬ್ಬಳು ಇನ್ನೊಂದು. ಮೂರನೆಯದು ನಾನು. ಇದರಲ್ಲಿ ನನಗೆ ಅನುಮಾನವಿಲ್ಲ.

ಮೋಡ ಕಂಡು ನಾವು ಕಡವಿಗೆ ಇಳಿದಾಗ ಅಜ್ಜ ಆಗಲೇ ದೋಣಿ ತಂದು ಏದುಸಿರು ಬಿಡುತ್ತ ನಿಂತಿದ್ದರು. ಘಟ್ಟದಲ್ಲಿ ಮಳೆ ಬಿದ್ದು ಹೊಳೆ ಕೆಂಪಾಗಿತ್ತು.

"ಎಂತ ಆಯ್ತು? ಯಾರಿಗಾದ್ರೂ ಹಾವು ಕಚ್ಚಿತಾ?"

"ನಾವಲ್ಲ ಅಜ್ಜ, ನಾವು ಕೂ ಹಾಕ್ಲೇ ಇಲ್ಲ."

ಆಗಿನಿಂದ ಅಜ್ಜ ಆಡಿದ್ದೆಲ್ಲ ತುಳುವಿನಲ್ಲಿ, ಆ ಉತ್ತರವೂ ತುಳುವಿನಲ್ಲೇ ಬಂತು. ಗೆಳತಿಯರಿಗೆ ತುಳು ಬಾರದು.

ಅಜ್ಜ ನಮ್ಮನ್ನು ಈಚೆ ಇಳಿಸಿದವರೇ ದೋಣಿ ತಿರುಗಿಸಿದರು. "ಹಾಗಾದ್ರೆ ಅಲ್ಲಿ ಬೇರೆ ಯಾರೋ ಉಂಟು. ಮೂರು ಸಲ ಕರೆದಿದ್ದಾರೆ. ನೀರು ಏರಿದ್ರೆ ಮತ್ತೆ ಹೋಗ್ಲಿಕ್ಕೆ ಆಗುದಿಲ್ಲ."

ನಿಲ್ಲಿ ಎನ್ನಬಹುದಿತ್ತು. ಗೆಳತಿಯರ ಮುಂದೆ ಸುಳ್ಳು ಬಯಲಾಗುವ ನಾಚಿಕೆಗೆ ಚಪ್ಪಲಿಯ ಮರಳು ಕೊಡವುತ್ತ ಕೂತೆ. ಆಚೆ ದಡದಲ್ಲಿ ಅವರು ಬಂಗ್ಲೆಗಳ ಕಡೆ ಏರುವುದು ಕಂಡಿತು. ಇಲ್ಲದವರನ್ನು ಹುಡುಕುತ್ತ ತಾವೇ ಕೂ ಹಾಕುತ್ತಿದ್ದರು. ಒಂದು, ಎರಡು, ಮೂರು. ನಾವು ಮನೆಗೆ ನಡೆದೆವು.

ಮರುದಿನ ದೋಣಿ ಕೆಳಗೆಲ್ಲೋ ಬಂಡೆಗೆ ಸಿಕ್ಕಿಕೊಂಡಿತ್ತು. ಅಜ್ಜನ ದೇಹ ಸಿಕ್ಕಿದ್ದು ಇನ್ನೆರಡು ದಿನ ಬಿಟ್ಟು. ಮೂರು ಕೂ ಬಂತೆಂದು ಮನೆಯಲ್ಲಿ ಹೇಳಿ ಹೊರಟಿದ್ದರಂತೆ. "ಪಾಪ, ಕಿವಿ ಮಂದ ಆಗಿತ್ತು. ಒಂದೇ ಕೂ ಇದ್ದಿರಬೇಕು, ಮೂರು ಕೇಳಿಸಿರಬೇಕು," ಎಂದರು ಊರವರು. ನಾನು ತಿದ್ದಲಿಲ್ಲ. ಅಜ್ಜನ ಕಿವಿ ಎಷ್ಟು ಚುರುಕೆಂದು ನನಗೆ ಗೊತ್ತಿತ್ತು.

ಚಿಕ್ಕಮ್ಮ ಮದುವೆಯಾಗಿ ಮಂಡೆಕೋಲಿಗೆ ಹೋದಳು. ಅಜ್ಜನ ಪ್ರಶ್ನೆಗೆ ಬಂದ ಉತ್ತರ ಒಮ್ಮೊಮ್ಮೆ ಅವಳ ಧ್ವನಿಯಲ್ಲಿ ಕೇಳಿಸುತ್ತದೆ, ಒಮ್ಮೊಮ್ಮೆ ನನ್ನದರಲ್ಲಿ. ಕೆಲವು ವರ್ಷಗಳ ನಂತರ ಅವಳ ಮನೆಗೆ ಹೋದಾಗ ಕೇಳಿಯೇ ಬಿಟ್ಟೆ. "ಚಾ ಆರ್ತದೆ, ಕುಡಿ," ಎಂದಳು. ಆಮೇಲೆ ಕಾಗದ ಬರೆದೆ. ಅವಳ ಮರು ಕಾಗದದಲ್ಲಿ ಮಕ್ಕಳ ಪರೀಕ್ಷೆಯ ಸುದ್ದಿ ಇತ್ತು, ದನ ಕರು ಹಾಕಿದ್ದು ಇತ್ತು. ನಾನು ಕೇಳಿದ್ದು ಒಂದೇ ಸಾಲು: ಚಿಕ್ಕಮ್ಮ, ಅಜ್ಜನಿಗೆ 'ನಾವಲ್ಲ' ಅಂದದ್ದು ನೀನಾ, ನಾನಾ?