ಇವತ್ತಿನ ತಾರೀಖು ತೋರಿಸಿದ ಹಳೆಯ ಪಟ್ಟಿ

ಕಳೆದ ವರ್ಷ ದೀಪಾವಳಿ ಮುಗಿದು, ಚಳಿ ಶುರುವಾಗಿ, ಗೋವಿಂದರಾಜನಗರದ ಮಕ್ಕಳೆಲ್ಲ ಒಟ್ಟಿಗೆ ಕೆಮ್ಮತೊಡಗಿದ್ದ ವಾರ ನಡೆದದ್ದು ಇದು. ಅಲ್ಲಿ ನಮ್ಮದೊಂದು ಪುಟ್ಟ ಮೆಡಿಕಲ್ ಸ್ಟೋರ್ ಇತ್ತು. ನಡೆಸುತ್ತಿದ್ದವರು ನನ್ನ ಮಾವ, ಗಂಡನ ತಂದೆ. ಫಾರ್ಮಸಿ ಓದಿದವರು ಅವರು, ನಾನು ಓದಿದ್ದು ಬಿ.ಕಾಂ. ಅಡುಗೆ ಮುಗಿಸಿ ಹನ್ನೊಂದರ ಸುಮಾರಿಗೆ ಅಂಗಡಿಗೆ ಹೋಗಿ ಬಿಲ್ಲು, ಸ್ಟಾಕು ನೋಡಿಕೊಳ್ಳುವುದು ನನ್ನ ಪಾಲಿನ ಕೆಲಸ.

ಮಾವನ ಶಿಸ್ತು ಎಂದರೆ ಮನೆಮಂದಿಗೆಲ್ಲ ತಲೆನೋವು. ಆಗ ಎಲ್ಲೋ ಕೆಲವು ಕೆಮ್ಮಿನ ಸಿರಪ್‌ಗಳಲ್ಲಿ ವಿಷದ ಅಂಶ ಸಿಕ್ಕಿದೆ ಎಂದು ಟೀವಿಯಲ್ಲಿ ಬರುತ್ತಿತ್ತು. ಮಾರಬಾರದ ಔಷಧಗಳ ಪಟ್ಟಿಯನ್ನು ಔಷಧ ನಿಯಂತ್ರಣ ಇಲಾಖೆಯವರು ತಮ್ಮ ವೆಬ್‌ಸೈಟಿನಲ್ಲಿ ಹಾಕುತ್ತಿದ್ದರು. ಮಾವ ಬೆಳಿಗ್ಗೆ ಶಟರ್ ಎತ್ತಿ, ದೇವರ ಪಟಕ್ಕೆ ಊದುಬತ್ತಿ ಹಚ್ಚಿ, ಕಂಪ್ಯೂಟರಿನಲ್ಲಿ ಆ ಪಟ್ಟಿಯನ್ನು ಮೇಲಿಂದ ಕೆಳಗೆ ಓದಿದ ಮೇಲೆಯೇ ಬೋಣಿ. ಅದಕ್ಕೆ ಮುಂಚೆ ಯಾರೇ ಬಂದರೂ ಕಾಯಬೇಕು. ಪಂಚಾಂಗ ನೋಡಿ ವ್ಯಾಪಾರ ಶುರು ಮಾಡ್ತೀರಿ ಎಂದು ನಾನು ರೇಗಿಸುತ್ತಿದ್ದೆ. ನಗುತ್ತಿರಲಿಲ್ಲ ಪುಣ್ಯಾತ್ಮ.

ಆ ಗುರುವಾರ ನಾನು ಅಂಗಡಿಗೆ ಹೋದಾಗ ವಾಟ್ಸಾಪ್‌ನಲ್ಲಿ ಒಂದು ಸುದ್ದಿ ಬಂದಿತ್ತು. ಪಟ್ಟಿಗೆ ಇನ್ನೊಂದು ಸಿರಪ್ ಸೇರಿದೆ ಅಂತ. ಹೆಸರು ನೋಡಿದರೆ ನಮ್ಮ ಶೆಲ್ಫಿನಲ್ಲಿರುವುದೇ. ಮಾವನಿಗೆ ತೋರಿಸಿದೆ. ಫಾರ್ವರ್ಡ್ ಆಗಿ ಬಂದಿದ್ದನ್ನೆಲ್ಲ ನಂಬಬೇಡ, ಬೆಳಿಗ್ಗೆ ತಾನೇ ನೋಡಿದೀನಿ ಎಂದರು. ನಾನು ನನ್ನ ಫೋನಿನಲ್ಲೇ ಇಲಾಖೆಯ ಪುಟ ತೆರೆದೆ. ಕೊನೆಯ ಸಾಲಿನಲ್ಲಿ ಆ ಸಿರಪ್ಪಿನ ಹೆಸರು ಇತ್ತು, ಪಕ್ಕದಲ್ಲಿ ಬ್ಯಾಚ್ ನಂಬರ್. ಶೆಲ್ಫಿನಿಂದ ಬಾಟಲಿ ತೆಗೆದು ನೋಡಿದೆ. ಅದೇ ನಂಬರ್. ಬಾಟಲಿಯನ್ನು ಮಾವನ ಮುಂದಿಟ್ಟೆ.

ಮಾವ ಆಗಲೂ ಒಪ್ಪಲಿಲ್ಲ. ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿ, "ಇಲ್ನೋಡಮ್ಮ, ಮೇಲ್ಗಡೆ ಇವತ್ತಿನ ತಾರೀಖೇ ಇದೆ. ಗಡಿಯಾರನೂ ಓಡ್ತಾ ಇದೆ. ನಿನ್ನ ಫೋನಲ್ಲಿರೋದು ಯಾವುದೋ ಸುಳ್ಳು ಪೇಜು" ಎಂದರು. ನಿಜ, ಪುಟದ ನೆತ್ತಿಯ ಮೇಲೆ ಅಂದಿನ ತಾರೀಖು, ಸೆಕೆಂಡು ಸಮೇತ ಸಮಯ. ಕೆಳಗಿನ ಪಟ್ಟಿಯಲ್ಲಿ ಮಾತ್ರ ಆ ಸಿರಪ್ ಇಲ್ಲ.

ಎರಡರ ವಿಳಾಸವನ್ನೂ ಒಂದೊಂದೇ ಅಕ್ಷರ ಇಟ್ಟು ನೋಡಿದೆ. ಒಂದೇ. ರಿಫ್ರೆಶ್ ಒತ್ತಿದೆ, ಅದೇ ಪಟ್ಟಿ. ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡಿದೆ, ಮತ್ತೆ ಅದೇ. ನನಗೇ ನನ್ನ ಫೋನಿನ ಮೇಲೆ ಅನುಮಾನ ಬಂತು. ಕೊನೆಗೆ ಬ್ರೌಸರಿನಲ್ಲಿ ಇನ್‌ಕಾಗ್ನಿಟೋ ಎಂದು ಬರುತ್ತದಲ್ಲ, ಆ ಕಪ್ಪು ಕಿಟಕಿ ತೆರೆದು ಅದರಲ್ಲಿ ಅದೇ ವಿಳಾಸ ಹಾಕಿದೆ. ಹೊಸ ಪಟ್ಟಿ ಬಂತು. ಸೆಟ್ಟಿಂಗ್ಸ್‌ಗೆ ಹೋಗಿ ಬ್ರೌಸರ್ ಕೂಡಿಟ್ಟುಕೊಂಡಿದ್ದ ಹಳೆಯದನ್ನೆಲ್ಲ ಅಳಿಸಿ ಮಾವನ ಪುಟವನ್ನು ಮತ್ತೆ ತೆರೆದೆ. ಅಲ್ಲೂ ಬಂತು. ಒಮ್ಮೆ ತೆರೆದ ಪಟ್ಟಿಯ ನಕಲನ್ನು ಬ್ರೌಸರ್ ತನ್ನ ಬಳಿ ಇಟ್ಟುಕೊಂಡು ಅದನ್ನೇ ದಿನಾ ತೋರಿಸುತ್ತಿತ್ತು. ಮೇಲಿನ ತಾರೀಖು, ಗಡಿಯಾರ ಮಾತ್ರ ತಮ್ಮ ಪಾಡಿಗೆ ತಾವು ಹೊಸದಾಗುತ್ತಿದ್ದವು.

ಆ ಸಿರಪ್ ಪಟ್ಟಿಗೆ ಸೇರಿದ್ದು ಸೋಮವಾರ ಎಂದು ಪಕ್ಕದಲ್ಲೇ ಬರೆದಿತ್ತು.

ಮಾವ ಸ್ಟೂಲಿನ ಮೇಲೆ ಕುಳಿತರು. ಶೆಲ್ಫಿನಲ್ಲಿ ಒಂದೇ ಒಂದು ಬಾಟಲಿ ಕಡಿಮೆ ಇತ್ತು. ಯಾರಿಗೆ ಕೊಟ್ಟಿರಿ ಎಂದು ಕೇಳುವ ಮೊದಲೇ, "ಜಯಮ್ಮಂಗೆ. ಮಂಗಳವಾರ ಸಾಯಂಕಾಲ" ಎಂದರು.

ಜಯಮ್ಮ ಹಿಂದಿನ ಕ್ರಾಸಿನ ಬಾಡಿಗೆ ಮನೆಯಲ್ಲಿ ಒಬ್ಬರೇ ಇದ್ದವರು. ಮಗಳು ಸವಿತಾಳ ಮನೆ ಕೆಂಗೇರಿಯಲ್ಲಿ. ಅವಳು ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವುದರಿಂದ ಮೂರು ವರ್ಷದ ಮೊಮ್ಮಗ ವಾರವೆಲ್ಲ ಅಜ್ಜಿಯ ಹತ್ತಿರವೇ. ನಮ್ಮ ಕಡೆ ಡಾಕ್ಟರ ಚೀಟಿ ತರುವವರು ಕಡಿಮೆ. ಹೋದ ಸಲದ ಖಾಲಿ ಬಾಟಲಿ ತಂದು ಇದೇ ಕೊಡಿ ಎನ್ನುತ್ತಾರೆ. ಜಯಮ್ಮನೂ ಹಾಗೆಯೇ ಖಾಲಿ ಬಾಟಲಿ ಹಿಡಿದು ಬಂದಿದ್ದರಂತೆ. ಪರಿಚಯದವರಿಗೆ ಬಿಲ್ಲಿಲ್ಲ, ಫೋನ್ ನಂಬರ್ ಇಲ್ಲ.

ಶೆಲ್ಫಿನಿಂದ ಒಂದು ಬಾಟಲಿ ಹಿಡಿದುಕೊಂಡು, ಶಟರ್ ಎಳೆದು ಇಬ್ಬರೂ ಓಡಿದೆವು. ಮನೆಗೆ ಬೀಗ. ಮಗು ಹಿಂದಿನ ದಿನದಿಂದ ವಾಂತಿ ಮಾಡುತ್ತಿತ್ತು, ಮೂತ್ರ ಬೇರೆ ನಿಂತುಹೋಗಿತ್ತು, ಮೈಸೂರು ರಸ್ತೆಯ ಆಸ್ಪತ್ರೆಗೆ ಸೇರಿಸಿದ್ದಾರೆ ಎಂದು ಪಕ್ಕದ ಮನೆಯಾಕೆ ಹೇಳಿದರು. ಆಟೋದಲ್ಲಿ ದಾರಿಯುದ್ದಕ್ಕೂ ಮಾವ ಬಾಟಲಿಯನ್ನು ಎದೆಗೆ ಒತ್ತಿ ಹಿಡಿದಿದ್ದರು. ಡಾಕ್ಟರನ್ನು ಪಕ್ಕಕ್ಕೆ ಕರೆದು, ಅದನ್ನು ಕೊಟ್ಟು ವಿಷಯ ಹೇಳಿದೆವು. ಅವರು ಬೈಯಲಿಲ್ಲ, ಬಾಟಲಿ ಇಸಕೊಂಡು ಒಳಗೆ ಓಡಿದರು. ಡಯಾಲಿಸಿಸ್ ಶುರುವಾಯಿತು.

ಭಾನುವಾರ ಮಗು ತೀರಿಕೊಂಡಿತು.

ಇಲಾಖೆಗೆ ಮಾವನೇ ತಿಳಿಸಿದರು. ಅಧಿಕಾರಿಗಳು ಬಂದು ಬಾಟಲಿಗಳನ್ನು ತೆಗೆದುಕೊಂಡು ಹೋದರು, ಅಂಗಡಿ ಮುಚ್ಚಿಸಿದರು. ಕಂಪ್ಯೂಟರಿನ ವಿಷಯವನ್ನು ಹೊರಗೆ ಯಾರ ಹತ್ತಿರವೂ ಬಾಯಿಬಿಡಬೇಡಿ, ವಿಷ ಹಾಕಿದ್ದು ಕಂಪನಿ, ನಾವಲ್ಲ ಎಂದು ನನ್ನ ಗಂಡ ಕೈಮುಗಿದು ಹೇಳಿದರು. ಅದರಲ್ಲಿ ತಪ್ಪೇನೂ ನನಗೆ ಕಾಣಲಿಲ್ಲ. ಮಾವ ಊಟಕ್ಕೆ ಕುಳಿತವರು ಅನ್ನ ಕಲಸಿಟ್ಟು ಹಾಗೇ ಎದ್ದುಹೋಗುತ್ತಿದ್ದರು.

ಎರಡು ವಾರದ ಮೇಲೆ ಒಂದು ಬೆಳಿಗ್ಗೆ ಜಯಮ್ಮ ನಮ್ಮ ಮನೆಗೆ ಬಂದರು. ಜಗಳಕ್ಕೆ ಬಂದರು ಎಂದು ನಾನು ಹೆದರಿದೆ. ಒಳಗೆ ಕರೆದರೂ ಬರಲಿಲ್ಲ, ಬಾಗಿಲಲ್ಲೇ ನಿಂತು ಮಾವನನ್ನು ಕೇಳಿದರು: "ಅಣ್ಣ, ನಾನೇನಾದ್ರೂ ಜಾಸ್ತಿ ಕುಡಿಸಿಬಿಟ್ನಾ? ಮುಚ್ಚಳದಲ್ಲಿ ಗೆರೆ ನೋಡ್ಕೊಂಡೇ ಹಾಕಿದ್ದೆ."

ಔಷಧಿಯಿಂದ ಆದದ್ದು ಎಂದಷ್ಟೇ ಆಸ್ಪತ್ರೆಯಲ್ಲಿ ಹೇಳಿದ್ದರಂತೆ. ಮಗಳು ಮನೆಗೆ ಸೇರಿಸುತ್ತಿಲ್ಲವಂತೆ. ನಾನು ಬರೋವರೆಗೂ ಔಷಧಿ ಕೊಡಬೇಡ ಅಂದಿದ್ದೆ, ಕೇಳದೆ ಕೊಟ್ಟು ನನ್ನ ಮಗೂನ ಕೊಂದೆ ಅನ್ನುತ್ತಾಳಂತೆ. ಹೆತ್ತವಳು ಅಂದುಕೊಳ್ಳಲಿ ಬಿಡಿ, ನನಗೇ ರಾತ್ರಿಯೆಲ್ಲ ಹಾಗನ್ನಿಸುತ್ತದೆ ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಮಾವ ನನ್ನ ಕಡೆ ನೋಡಿದರು. ನಾನು ಬೇಡ ಎಂದು ತಲೆಯಾಡಿಸಿದೆನೋ ಇಲ್ಲವೋ, ಈಗ ನೆನಪಿಲ್ಲ. "ಜಯಮ್ಮ, ಅದನ್ನ ಮಾರಬಾರದು ಅಂತ ಸೋಮವಾರನೇ ಹಾಕಿದ್ರು. ನಾನು ನೋಡಿದ್ದು ಹಳೇ ಪಟ್ಟಿ. ಮಂಗಳವಾರ ನಿಮ್ಮ ಕೈಗೆ ಕೊಟ್ಟೋನು ನಾನು. ನೀವೇನೂ ತಪ್ಪು ಮಾಡಿಲ್ಲ" ಎಂದರು.

ಜಯಮ್ಮ ಬಾಯಿಂದ ಸೆರಗು ತೆಗೆದರು. ಆಮೇಲೆ ಕೇಳಿದ್ದು ಒಂದೇ ಮಾತು. "ಇದನ್ನ ನನ್ನ ಮಗಳ ಮುಂದೆ ಹೇಳ್ತೀರಾ?"

ಮಾವ ಚಪ್ಪಲಿ ಹಾಕಿಕೊಂಡರು. ಗಂಡನಿಗೆ ಫೋನ್ ಮಾಡಬೇಕೆಂದು ನನಗೆ ಹೊಳೆಯಿತು, ಮಾಡಲಿಲ್ಲ. ಮೂವರೂ ಹೊಸಹಳ್ಳಿಯಲ್ಲಿ ಮೆಟ್ರೋ ಹತ್ತಿ ಒಂದೇ ಸಾಲಿನಲ್ಲಿ ಕುಳಿತೆವು. ಕೆಂಗೇರಿಯಲ್ಲಿ ಇಳಿದ ಮೇಲೆ ಜಯಮ್ಮ ದಾರಿ ತೋರಿಸಿದರು.

ಸವಿತಾ, ಅವಳ ಗಂಡ ಇಬ್ಬರೂ ಮನೆಯಲ್ಲಿದ್ದರು. ಮಾವ ನಡುಮನೆಯಲ್ಲಿ ನಿಂತುಕೊಂಡೇ ಎಲ್ಲ ಹೇಳಿದರು, ಸೋಮವಾರ, ಮಂಗಳವಾರ, ಕಂಪ್ಯೂಟರು, ಏನನ್ನೂ ಬಿಡಲಿಲ್ಲ. ಅವರು ಮುಗಿಸುವ ಮುಂಚೆಯೇ ಸವಿತಾಳ ಗಂಡ ಎದ್ದು ಬಂದು ಅವರ ಕಾಲರ್ ಹಿಡಿದ. ಗೋಡೆಗೆ ತಲೆ ಬಡಿದ ಸದ್ದು ಕೇಳಿಸಿತು. ಮಾವ ಕೈ ಎತ್ತಲಿಲ್ಲ. ನಾನು ಅಡ್ಡ ಹೋಗಲು ನೋಡಿದರೆ ಮಾವನೇ ನನ್ನನ್ನು ಹಿಂದಕ್ಕೆ ತಳ್ಳಿದರು.

"ಬಿಡ್ರೀ ಅವರನ್ನ" ಎಂದಳು ಸವಿತಾ. ಅವಳ ಕಣ್ಣು ನಮ್ಮ ಮೇಲಿರಲಿಲ್ಲ, ಬಾಗಿಲಾಚೆ ಇತ್ತು. ಅಲ್ಲಿ ಜಯಮ್ಮ ಒಳಗೆ ಕಾಲಿಡಲು ಧೈರ್ಯವಿಲ್ಲದೆ ಚಪ್ಪಲಿಗಳ ಪಕ್ಕ ನಿಂತಿದ್ದರು.

"ಯಾಕಮ್ಮ ಅಲ್ಲೇ ನಿಂತಿದೀಯ? ಒಳಗೆ ಬಾ."

ಜಯಮ್ಮ ಒಳಗೆ ಹೋದರು, ನಾವು ಹೊರಗೆ ಬಂದೆವು. ಹಿಂದಿನಿಂದ ಬಾಗಿಲು ಹಾಕಿಕೊಂಡಿತು. ತಾಯಿ ಮಗಳು ಒಟ್ಟಿಗೆ ಅಳುವುದು ಗೇಟಿನವರೆಗೂ ಕೇಳಿಸುತ್ತಿತ್ತು.

ವಿಚಾರಣೆ ಇನ್ನೂ ನಡೆಯುತ್ತಿದೆ. ಅಂಗಡಿ ತೆರೆದಿಲ್ಲ, ಮಾವನಿಗೆ ತೆರೆಯುವ ಮನಸ್ಸೂ ಇಲ್ಲ. ಸಮಾಧಾನ ಹೇಳಲು ಯಾರಾದರೂ ಕಂಪ್ಯೂಟರಿನ ತಪ್ಪಿಗೆ ನೀವೇನು ಮಾಡ್ತೀರಿ ಎಂದರೆ ಅವರು ಎದ್ದು ಒಳಗೆ ಹೋಗುತ್ತಾರೆ. ನನಗೆ ಅವರ ಮೇಲೆ ಸಿಟ್ಟೂ ಬರುತ್ತದೆ, ಅಯ್ಯೋ ಎಂದೂ ಅನಿಸುತ್ತದೆ. ಆ ಮಗುವಿನ ಮುಖ ನಾನು ಸರಿಯಾಗಿ ನೋಡಿದ್ದು ಒಂದೇ ಸಲ, ಆಸ್ಪತ್ರೆಯ ಗಾಜಿನ ಆಚೆಯಿಂದ. ಅದು ನನ್ನ ಕಣ್ಣಿನಿಂದ ಹೋಗುವುದಿಲ್ಲ.

ಜಯಮ್ಮ ಬಾಡಿಗೆ ಮನೆ ಖಾಲಿ ಮಾಡಿ ಮಗಳ ಮನೆಗೇ ಹೋದರು. ಹೋದ ತಿಂಗಳು ವಿಜಯನಗರದ ಮಾರ್ಕೆಟ್‌ನಲ್ಲಿ ಇಬ್ಬರೂ ಒಟ್ಟಿಗೆ ಸೊಪ್ಪು ಆರಿಸುತ್ತಿದ್ದರು. ನನ್ನನ್ನು ಕಂಡು ಜಯಮ್ಮ ಮುಖ ತಿರುಗಿಸಿಕೊಂಡರು. ತಿರುಗಿಸಿಕೊಳ್ಳಲಿ. ಮಗಳು ಅವರ ಕೈಯಿಂದ ಚೀಲ ಇಸಕೊಂಡಳು, ನಾನು ಅಷ್ಟನ್ನು ನೋಡಿಕೊಂಡು ಮನೆಗೆ ಬಂದೆ.