ಕೂದಲೆಳೆಯಷ್ಟು ಉದ್ದ

ಬೀದಿಗೆಲ್ಲ ಮಾಮನಾಗಿರುವ ನಮ್ಮ ಕಾರ್ ಮೆಕ್ಯಾನಿಕ್ ಎಂಜಿನ್ ಬಿಚ್ಚಿದೊಡನೆ ಹುಡುಕುವುದು ಕನ್ನಡಕವನ್ನು. ಹಳೆಯ ಬೋಲ್ಟುಗಳನ್ನು ಒಂದೊಂದಾಗಿ ಸಪಾಟಾದ ಗಾಜಿನ ಹಲಗೆಯ ಮೇಲೆ ಹೊಸದರ ಪಕ್ಕ ನಿಲ್ಲಿಸಿ, ಭಾವೀ ಅಳಿಯನನ್ನು ಅಳೆಯುವ ಮಾವನಂತೆ ಕಣ್ಣು ಕಿರಿದಾಗಿಸುತ್ತಾರೆ. ಹಳೆಯದು ಕೂದಲೆಳೆಯಷ್ಟು ಉದ್ದ ಕಂಡರೂ, “ಹಿಗ್ಗಿಬಿಟ್ಟಿದೆ ಸ್ವಾಮಿ, ಇನ್ನು ಬಿಗಿ ನಿಲ್ಲಲ್ಲ” ಎಂಬ ತೀರ್ಪು. “ಹೊಸದರ ಹಾಗೇ ಇದೆಯಲ್ಲ!” ಎಂದು ಗಿರಾಕಿ ರೇಗಿದರೆ, “ನೋಡೋಕೆ ನಾನೂ ಗಟ್ಟಿಮುಟ್ಟಾಗೇ ಇದೀನಿ, ನಾಲ್ಕು ಮೆಟ್ಟಿಲು ಹತ್ತಿಸಿ ನೋಡಿ” ಅನ್ನುತ್ತಾರೆ. ಸೋತದ್ದನ್ನು ಯಾರೂ ಮತ್ತೆ ಹಾಕದಂತೆ ಸುತ್ತಿಗೆಯಿಂದ ಬಾಗಿಸಿಯೇ ಗುಜರಿ ಡಬ್ಬಕ್ಕೆ ಎಸೆಯುತ್ತಾರೆ. ಬಾಗಿಸದೆ ಉಳಿಸಿಕೊಂಡಿರುವುದು ಒಂದನ್ನೇ, ಗೋಡೆಯ ಮೊಳೆಗೆ ನೇತುಹಾಕಿರುವ ತುಂಡಾದ ಬೋಲ್ಟನ್ನು. ಅದೇಕೆಂದು ಮೊನ್ನೆ ಕೇಳಿದೆ. ಕನ್ನಡಕ ಒರೆಸುತ್ತ ಹೇಳಿದರು: “ಹಳೇದೇ ಸಾಕು, ನಡೆಯುತ್ತೆ ಅಂತ ಇದನ್ನ ನಾನೇ ಮತ್ತೆ ಹಾಕಿದ್ದೆ. ಆಸ್ಪತ್ರೆ ದಾರೀಲಿ ಇದು ಮುರಿದು ಕಾರು ನಿಂತೋಯ್ತು. ನನ್ನ ತಂಗಿ ಮಗ ಹುಟ್ಟಿದ್ದು ರಸ್ತೆ ಬದೀಲಿ.”