ಕರೆದಾಗ ಮಾತ್ರ ಮಾತು

ಮೊಮ್ಮಗಳು ಮೊನ್ನೆ ನಡುಮನೆಯಲ್ಲಿ ಕೂತು ತಂತಿಗೆ ಬೆಸುಗೆ ಹಾಕುತ್ತಿದ್ದಳು. ಆ ಹೊಗೆಯ ವಾಸನೆ ಬಂದದ್ದೇ ತಡ, ಮಳವಳ್ಳಿ ಕಡೆಯ ಕರೆಂಟಿನ ಸ್ಟೇಷನ್ನು, ಅಲ್ಲಿದ್ದ ಆಪರೇಟರ್ ಅಣ್ಣ ಕಣ್ಮುಂದೆ ಬಂದರು…

ನಾನು ಅಲ್ಲಿ ಕಸ ಗುಡಿಸಿ ನೀರು ತುಂಬಿಡುತ್ತಿದ್ದೆ. ಆಗಿನ್ನೂ ಹೊಸದಾಗಿ ಮದುವೆಯಾಗಿತ್ತು; ನಮ್ಮವರು ಲೈನ್‌ಮನ್. ಸುತ್ತಲ ಊರುಗಳಿಗೆಲ್ಲ ಒಂದೇ ಫೋನ್ ತಂತಿ. ಎಲ್ಲರೂ ಒಟ್ಟಿಗೆ ಬಾಯಿ ಹಾಕಿದರೆ ಬರೀ ಗಲಾಟೆ. ಅದಕ್ಕೇ ಅಣ್ಣ ಒಂದೊಂದೇ ಊರಿನ ಹೆಸರು ಹಿಡಿದು ಸರದಿಯಂತೆ ಕರೆಯುತ್ತಿದ್ದರು. ಕರೆಯದೆ ಯಾರೂ ತುಟಿ ಬಿಚ್ಚುವಂತಿಲ್ಲ. ಹೇಳಿದ ಮೇಲೆ "ಮುಗೀತು" ಅನ್ನಲೇಬೇಕು.

ಒಂದು ಮಧ್ಯಾಹ್ನ ಕರೆಂಟು ನಿಲ್ಲಿಸಿ, ನಮ್ಮವರೂ ಇನ್ನೊಬ್ಬರೂ ಕಿರುಗಾವಲಿನ ಹತ್ತಿರ ಕಂಬ ಹತ್ತಿದ್ದರು. ಅಣ್ಣ ಕಿರುಗಾವಲನ್ನು ಕರೆದರು. "ಕಂಬದಿಂದ ಇಳಿದ್ರು…" ಎಂದಿತು ಆ ಕಡೆಯ ದನಿ. ಆಮೇಲೆ ಬರೀ ಕರಕರ ಸದ್ದು.

ಕಿಟಕಿಯ ಹತ್ತಿರ ಕಾಯುತ್ತಿದ್ದ ಅಕ್ಕಿ ಮಿಲ್ಲಿನವರು ಎಗರಿದರು. "ಇಳಿದ್ರಂತಲ್ಲಣ್ಣ, ಬುಡು ಕರೆಂಟ!"

"ಮುಗೀತು ಅನ್ನಲಿಲ್ಲ ಕಣಯ್ಯ. ಅರ್ಧ ಮಾತು, ಬರದಂಗೇ ಲೆಕ್ಕ."

"ಆ ಫೋನ್ನೇ ಕಟ್ಕೊಂಡು ಬಾಳು ಓಗು!"

ಅಣ್ಣ ಮತ್ತೆ ಕರೆದರು. ಉತ್ತರವಿಲ್ಲ. ಬೆಸಗರಹಳ್ಳಿಯನ್ನು ಕರೆದರು. ನಾನು ಬಿಂದಿಗೆ ಕೆಳಗಿಟ್ಟು ಓಡಿ ಬಂದೆ. "ಕಿರುಗಾವಲ್ಗೇ ಕೂಗಣ್ಣ, ಮಿಕ್ಕೋರ್ ಯಾಕೆ?" ಎಂದು ಕಿರುಚಿದೆ.

"ಅವರ ತಾವೂ ಕಂಬ ಅತ್ತಿರೋರು ಇರ್ತಾರೆ ಕಣಮ್ಮ," ಎಂದು ಸರದಿ ಮುಗಿಸಿಯೇ ಮತ್ತೆ ಕಿರುಗಾವಲಿಗೆ ಬಂದರು. ಈ ಸಲ ಮಾತು ಪೂರ್ತಿ ಬಂತು: "ಕಂಬದಿಂದ ಇಳಿದ್ರು ಒಬ್ರು. ಇನ್ನೊಬ್ರು ಮೇಲವ್ರೆ. ಮುಗೀತು."

ಮೇಲಿದ್ದವರು ನಮ್ಮವರು…

ಮೊಮ್ಮಗಳು ಡಿಪ್ಲೊಮಾ ಓದುತ್ತಾಳೆ. ಮೊನ್ನೆ ಅವಳು ಮಾಡಿದ್ದು ಒಂದು ದೊಡ್ಡ ಪೆಟ್ಟಿಗೆ, ಮೂರು ಸಣ್ಣವು, ನಡುವೆ ಒಂದೇ ತಂತಿ. ದೊಡ್ಡದು ನಂಬರು ಹಿಡಿದು ಕರೆದರೆ ಮಾತ್ರ ಸಣ್ಣದು ಉತ್ತರ ಕೊಡುತ್ತದೆ.

"ಇವುಗಳ ಮಾತೆಲ್ಲ ಬರೀ ಸೊನ್ನೆ, ಒಂದು ಕಣಜ್ಜಿ. ಒಂದು ಸೊನ್ನೆ, ಸಾಲಾಗಿ ಆರು ಸಲ ಒಂದು, ಆಮೇಲೆ ಇನ್ನೊಂದು ಸೊನ್ನೆ ಬಂದ್ರೆ ಅದು ಮಾತಿನ ಗಡಿ. ಮಾತಿನೊಳಗೆ ಸಾಲಾಗಿ ಐದು ಸಲ ಒಂದು ಬಂದ್ರೆ, ಅದಾದ್ಮೇಲೆ ಒಂದು ಸೊನ್ನೆ ತುರುಕಿ ಕಳಿಸ್ತದೆ. ಇಲ್ದಿದ್ರೆ ಗಡಿ ಅಂದ್ಕೊಂಬುಡ್ತದೆ. ಆ ಕಡೆಯದು ಆ ಸೊನ್ನೆ ತೆಗೆದಾಕಿ ಓದ್ಕೋತದೆ."

ಹೇಳುತ್ತಲೇ ನಡುವೆ ತಂತಿ ಎಳೆದು, ಮತ್ತೆ ಸೇರಿಸಿದಳು. ದೊಡ್ಡ ಪೆಟ್ಟಿಗೆ ಅರ್ಧ ಬಂದ ಮಾತನ್ನು ಬಿಸಾಡಿ, ಮತ್ತೆ ಅದೇ ನಂಬರನ್ನು ಕರೆಯಿತು!

ನಾನು ಅವಳನ್ನು ಬಾಚಿ ತಬ್ಬಿಕೊಂಡೆ. ಅಳು, ನಗು ಒಟ್ಟಿಗೇ ಉಕ್ಕಿತು. ಅವತ್ತು ಅಣ್ಣ ಆ ಅರ್ಧ ಮಾತು ನಂಬಿ ಕರೆಂಟು ಬಿಟ್ಟಿದ್ದರೆ ಇವಳ ಅಪ್ಪನೇ ಹುಟ್ಟುತ್ತಿರಲಿಲ್ಲ.

"ಏಳು ಮಗ, ಇದನ್ನ ಆಪರೇಟರ್ ಅಣ್ಣಂಗೆ ತೋರಿಸ್ಕೊಂಡು ಬರುಮ," ಎಂದುಬಿಟ್ಟೆ.

ಎಂದ ಮೇಲೆ ನೆನಪಾಯಿತು… ಅಣ್ಣ ಹೋಗಿ ವರ್ಷಗಳೇ ಆದವು.